ನುಚ್ಚು, ತಂಬುಳಿ ಮತ್ತು ದಿನಕ್ಕೆ ನಾಲ್ಕು ಮಾತ್ರೆ

ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯ ಬಾಗಿಲಿನಿಂದ ಟೀಚರುಗಳ ಶೌಚಾಲಯಕ್ಕೆ ನಲವತ್ತೆರಡು ಹೆಜ್ಜೆ. 2017ರ ಮಳೆಗಾಲದಲ್ಲಿ ಎಣಿಸಿದ್ದು. ಪಾಠ ಮಾಡುತ್ತಿರುವಾಗಲೇ ಹೊಟ್ಟೆಯ ಎಡಗಡೆ ಹಿಂಡಿದ ಹಾಗಾಗುತ್ತಿತ್ತು. ಅಷ್ಟು ಹೆಜ್ಜೆ ದಾಟುವವರೆಗೆ ತಡೆದುಕೊಳ್ಳಲು ಆಗುತ್ತದಾ ಅನ್ನುವುದೊಂದೇ ಯೋಚನೆ. ದಿನಕ್ಕೆ ಎಂಟು ಸಲ, ಹತ್ತು ಸಲ. ಹೋದಾಗಲೆಲ್ಲ ರಕ್ತ, ಲೋಳೆ. ಹೋಗಿ ಬಂದ ಮೇಲೂ ಇನ್ನೂ ಹೋಗಬೇಕು ಅನ್ನಿಸುತ್ತಿತ್ತು. ಆಗ ನನಗೆ ಮೂವತ್ತೊಂದು ವರ್ಷ. ಮಗಳಿಗೆ ನಾಲ್ಕು.

ಜ್ವರ ಬಂದರೆ ನಾಲ್ಕು ಜನರಿಗೆ ಹೇಳಬಹುದು. ಇದನ್ನು ಹೇಗೆ ಹೇಳುವುದು? ನಮ್ಮನೆಯವರಿಗೆ ಹೇಳಿದ್ದೇ ಒಂದೂವರೆ ತಿಂಗಳು ಕಳೆದ ಮೇಲೆ. ಮೊದಲು ತೋರಿಸಿದ ಕಡೆ ಮೂಲವ್ಯಾಧಿ ಅಂತ ಮುಲಾಮು ಕೊಟ್ಟರು. ಇನ್ನೊಂದು ಕಡೆ ಆಮಶಂಕೆ ಅಂತ ಮೆಟ್ರೊನಿಡಜೋಲ್ ಬರೆದರು, ಎರಡು ಸಲ. ನವೆಂಬರ್ ಹೊತ್ತಿಗೆ ತೂಕ 54 ಕೆಜಿಯಿಂದ 47ಕ್ಕೆ ಇಳಿದಿತ್ತು. ಆಗ ದಾವಣಗೆರೆಯಿಂದ ಬೆಂಗಳೂರಿಗೆ ಹೋದೆವು, ರೈಲಿನಲ್ಲಿ. ಬಸ್ಸು ಹತ್ತುವ ಧೈರ್ಯ ನನಗಿರಲಿಲ್ಲ. ಯಾಕೆ ಅಂತ ಈ ಕಾಯಿಲೆ ಇರುವವರಿಗೆ ಹೇಳಬೇಕಾಗಿಲ್ಲ.

ಕ್ಯಾಮೆರಾ ಇರುವ ನಳಿಕೆ ಒಳಗೆ ಬಿಟ್ಟು ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಆಯಿತು. ಕರುಳಿನ ಸಣ್ಣ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಯಿತು. ಅಲ್ಸರೇಟಿವ್ ಕೊಲೈಟಿಸ್ ಅಂದರು.

ಡಾಕ್ಟರು ಚೀಟಿಯ ಹಿಂದೆ ದೊಡ್ಡ ಕರುಳಿನ ಚಿತ್ರ ಬರೆದು ತೋರಿಸಿದರು. ಉರಿಯೂತ ಗುದದ್ವಾರದ ಹತ್ತಿರ ಶುರುವಾಗಿ ಮೇಲಕ್ಕೆ ಏರುತ್ತದೆ. ನನ್ನದು ಎಡಭಾಗದ ತಿರುವಿನವರೆಗೆ ಏರಿತ್ತು. ಕ್ರೋನ್ಸ್ ಅನ್ನುವ ಇದೇ ಜಾತಿಯ ಇನ್ನೊಂದು ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದಂತೆ. ನಮ್ಮ ದೇಶದಲ್ಲಿ ಅದನ್ನೂ ಕರುಳಿನ ಟಿಬಿಯನ್ನೂ ಬೇರೆ ಮಾಡಿ ಹೇಳುವುದೇ ಕಷ್ಟವಂತೆ. ನನ್ನದರಲ್ಲಿ ಆ ಗೊಂದಲ ಇರಲಿಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಒಳಪದರದ ಮೇಲೆ ತಿರುಗಿಬಿದ್ದಿದೆ ಅಂದರು. "ಖಾರ ತಿಂದು ಬಂತಾ ಡಾಕ್ಟ್ರೇ?" ಅಂತ ಕೇಳಿದೆ. "ಖಾರದಿಂದ ಬರಲ್ಲಮ್ಮ. ಪೂರ್ತಿ ಹೋಗುವ ಕಾಯಿಲೆಯೂ ಅಲ್ಲ. ಹಿಡಿತದಲ್ಲಿ ಇಡಬಹುದು" ಅಂದರು. ಕೊನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಪೂರ್ತಿ ಹೋಗಲ್ಲ ಅನ್ನುವುದೊಂದೇ ಕೇಳಿಸಿದ್ದು.

ಕರುಳಿನ ಉರಿಯೂತ ಇಳಿಸುವ ಮೆಸಲಮೈನ್ ಮಾತ್ರೆ ಬರೆದರು. 1.2 ಗ್ರಾಮಿನದ್ದು ಬೆಳಗ್ಗೆ ಎರಡು, ರಾತ್ರಿ ಎರಡು. ಒಟ್ಟು 4.8 ಗ್ರಾಂ. ಮುರಿಯಬಾರದು, ಅಗಿಯಬಾರದು. ಮೇಲಿನ ಲೇಪ ಹಾಳಾದರೆ ಮದ್ದು ದೊಡ್ಡ ಕರುಳಿಗೆ ಮುಟ್ಟುವ ಮೊದಲೇ ಕರಗಿಹೋಗುತ್ತದೆ. ರಾತ್ರಿ ಮಲಗುವಾಗ ಅದೇ ಮದ್ದಿನ ಎನಿಮಾ ಬೇರೆ. ಎನಿಮಾ ಅಂದಾಗ ಮುಖ ಎತ್ತಲು ಆಗಲಿಲ್ಲ. ಎಡಮಗ್ಗುಲಾಗಿ ಮಲಗಿ, ಬಲಗಾಲು ಮಡಚಿ, ನಿಧಾನಕ್ಕೆ ಒಳಗೆ ಬಿಟ್ಟುಕೊಂಡು ಹಾಗೇ ನಿದ್ದೆ ಮಾಡಬೇಕು. ಮೊದಲ ವಾರ ಹತ್ತು ನಿಮಿಷವೂ ನಿಲ್ಲಲಿಲ್ಲ. ದುಡ್ಡು ಕೊಟ್ಟು ತಂದ ಮದ್ದು ಹಾಗೇ ಹೊರಗೆ ಹೋದಾಗ ಬಾತ್‌ರೂಮಿನಲ್ಲೇ ಅತ್ತಿದ್ದೇನೆ. ಆಮೇಲೆ ಒಂದೊಂದೇ ಕಲಿತೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟರೆ ಹೊಟ್ಟೆ ಹಿಂಡುವುದಿಲ್ಲ. ಕೆಳಗೆ ಹಳೆಯ ಟವೆಲ್ ಹಾಸಿಕೊಂಡರೆ ಹೆದರಿಕೆ ಕಡಿಮೆ. ಮೂರನೇ ವಾರ ರಾತ್ರಿಯಿಡೀ ನಿಂತಿತು. ರಕ್ತವೂ ನಿಂತಿತು. ಎನಿಮಾ ಅಂದರೆ ನಾಚಿಕೆಪಡುವವರಿಗೆ ಇದೊಂದನ್ನು ಕೈ ಹಿಡಿದು ಹೇಳಬೇಕು ಅನ್ನಿಸುತ್ತದೆ. ನನಗೆ ಮೊದಲು ಗುಣ ಕಂಡಿದ್ದೇ ಅದರಿಂದ.

ಊಟದ ಬಗ್ಗೆ ಕೇಳಿದಾಗ ಮಾತ್ರ ಸಿಕ್ಕ ಉತ್ತರ ಎರಡೇ ಪದ: "ಖಾರ ಕಡಿಮೆ."

ಇಷ್ಟರಿಂದ ಏನು ಅಡುಗೆ ಮಾಡುವುದು? ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಅಲ್ಲಿ ಮದ್ದು ಕೊಟ್ಟವರು ಪಥ್ಯವನ್ನೂ ಹೇಳುತ್ತಾರೆ. ಎಷ್ಟು ದಿನ, ಏನು ತಿನ್ನಬೇಕು, ಏನು ಬಿಡಬೇಕು, ಯಾವತ್ತು ಪಥ್ಯ ಮುಗಿಯುತ್ತದೆ, ಎಲ್ಲವನ್ನೂ. ಇಲ್ಲಿ ಮದ್ದಿನ ಚೀಟಿ ಸಿಕ್ಕಿತು, ಪಥ್ಯ ಸಿಗಲಿಲ್ಲ. ಆ ಖಾಲಿ ಜಾಗಕ್ಕೆ ಯಾರ್‍ಯಾರೋ ಬಂದು ಸೇರಿಕೊಂಡರು. ಒಬ್ಬರು ಹಾಲು ಬಿಡು ಅಂದರು. ಇನ್ನೊಬ್ಬರು ಗೋಧಿ ಬಿಡು ಅಂದರು. ಮತ್ತೊಬ್ಬರು ಬೇಯಿಸಿದ್ದೆಲ್ಲ ಬಿಟ್ಟು ಹಸಿಯದ್ದೇ ತಿನ್ನು ಅಂದರು. ಮೊಬೈಲಿನಲ್ಲಿ ವಿಡಿಯೋಗಳು ಬಂದವು. ಆಹಾರವೇ ಔಷಧ, ಮಾತ್ರೆ ಕಿಡ್ನಿ ತಿನ್ನುತ್ತದೆ, ಮೂರು ತಿಂಗಳಲ್ಲಿ ಬುಡಸಮೇತ ವಾಸಿ.

ಬುಡಸಮೇತ ಅನ್ನುವ ಮಾತಿಗೆ ನಾನು ಸೋತೆ.

2018ರ ಆಗಸ್ಟ್‌ನಲ್ಲಿ ಮಾತ್ರೆ ನಿಲ್ಲಿಸಿದೆ. ಡಾಕ್ಟರಿಗೆ ಹೇಳಲಿಲ್ಲ. ಆಗ ಆರಾಮಾಗಿದ್ದೆ, ಮಾತ್ರೆಯಿಂದಲೇ ಆರಾಮಾಗಿದ್ದೇನೆ ಅನ್ನುವುದು ಹೊಳೆಯಲಿಲ್ಲ. ಬೆಳಗ್ಗೆ ಗೋಧಿಹುಲ್ಲಿನ ರಸ, ಮಧ್ಯಾಹ್ನ ಹಸಿ ತರಕಾರಿ, ರಾತ್ರಿ ಹಣ್ಣು. ಮೊದಲ ಎರಡು ತಿಂಗಳು ಹೊಟ್ಟೆ ಹಗುರ ಅನ್ನಿಸಿತು. ನವರಾತ್ರಿ ಹೊತ್ತಿಗೆ ಲೋಳೆ ಕಾಣಿಸಿತು. ವಿಷ ಹೊರಗೆ ಹೋಗುತ್ತಿದೆ ಅಂತ ಹಸಿಯದ್ದೇ ತಿನ್ನು ಅಂದವರು ಸಮಾಧಾನ ಹೇಳಿದರು. ಡಿಸೆಂಬರ್‌ನಲ್ಲಿ ದಿನಕ್ಕೆ ಹದಿನಾಲ್ಕು ಸಲ ರಕ್ತ. ಅಮ್ಮ ಊರಿಂದ ಬಂದು ದಾಳಿಂಬೆ ಕುಡಿಯ ತಂಬುಳಿ ಮಾಡಿದಳು, ಗಂಜಿ ತೆಳಿ ಕುಡಿಸಿದಳು. ಬಾಯಿಗೆ ಹಿತವಾಯಿತು. ರಕ್ತ ನಿಲ್ಲಲಿಲ್ಲ. ನಾಲ್ಕನೇ ದಿನ ಅಮ್ಮನೇ ಹೇಳಿದಳು. "ಇದು ನನ್ನ ಕೈಯಲ್ಲಿ ಆಗೋದಲ್ಲ ಕಣೇ. ಮದ್ದಿಲ್ದೆ ಬರೀ ಪಥ್ಯ ಮಾಡಿದ್ರೆ ಅದು ಉಪವಾಸ ಆಗುತ್ತೆ. ಏಳು, ಆಸ್ಪತ್ರೆಗೆ ಹೋಗೋಣ."

2019ರ ಜನವರಿಯಲ್ಲಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಹಿಮೋಗ್ಲೋಬಿನ್ 7.9. ತೂಕ 43. ಉರಿಯೂತದ ಜೊತೆಗೆ ಸೋಂಕೂ ಸೇರಿದೆಯಾ ಅಂತ ಮಲ ಪರೀಕ್ಷೆ ಮಾಡಿದರು. ಇರಲಿಲ್ಲ. ಮಾತ್ರೆ ಬಿಟ್ಟಿದ್ದೆ ಅಂತ ಹೇಳಿದಾಗ ಡಾಕ್ಟರು ಬೈಯಲಿಲ್ಲ. ಮೆಸಲಮೈನ್ ಸರಿಯಾಗಿ ತೆಗೆದುಕೊಳ್ಳದವರಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಐದು ಪಟ್ಟಿಗಿಂತ ಜಾಸ್ತಿ ಅಂತ 2003ರಲ್ಲೇ ಒಂದು ಅಧ್ಯಯನ ತೋರಿಸಿದೆ ಅಂದರು. ಆರಾಮಾಗಿದ್ದಾಗ ಬಿಡುವವರೇ ಜಾಸ್ತಿ ಅಂತಲೂ ಅಂದರು. ಕಿಡ್ನಿಯ ವಿಷಯ ನಾನೇ ಎತ್ತಿದೆ. ತೊಂದರೆ ಆಗುವುದು ಅಪರೂಪ, ಆದರೂ ಅದಕ್ಕೇ ಆಗಾಗ ಕ್ರಿಯಾಟಿನಿನ್ ನೋಡುತ್ತೇವೆ ಅಂದರು. ಈ ಒಂದು ವಾಕ್ಯ ಆರು ತಿಂಗಳ ಹಿಂದೆ ಕೇಳಿದ್ದರೆ! ಕೇಳಲು ನಾನು ಹೋಗಿರಲೇ ಇಲ್ಲವಲ್ಲ.

ಅಲ್ಲಿಂದ ಸ್ಟೆರಾಯ್ಡ್ ದಿನಗಳು. ಪ್ರೆಡ್ನಿಸೋಲೋನ್ 40 ಮಿಗ್ರಾಂ, ಬೆಳಗ್ಗೆ ತಿಂಡಿ ಆದ ಮೇಲೆ. ವಾರಕ್ಕೆ 5 ಮಿಗ್ರಾಂ ಇಳಿಸುತ್ತಾ ಎಂಟು ವಾರ. ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ, ಯಾಕೆಂದರೆ ದೇಹ ತಾನಾಗಿ ಮಾಡಿಕೊಳ್ಳುವ ಸ್ಟೆರಾಯ್ಡ್ ಅಷ್ಟರಲ್ಲಿ ಕಡಿಮೆಯಾಗಿರುತ್ತದೆ. ನಾಲ್ಕೇ ದಿನದಲ್ಲಿ ರಕ್ತ ನಿಂತಿತು. ಆದರೆ ಹಸಿವು! ರಾತ್ರಿ ಮೂರು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ನಿಲ್ಲುತ್ತಿದ್ದೆ. ನಿದ್ದೆ ಇಲ್ಲ, ಮುಖ ಊದಿದೆ, ಮಗಳು ಫೋಟೋ ನೋಡಿ "ಅಮ್ಮ, ಇದು ಯಾರು?" ಅಂತ ಕೇಳುತ್ತಾಳೆ. ಸಕ್ಕರೆ ಅಂಶವೂ ಏರಿತು.

ಆ ಆಸ್ಪತ್ರೆಯಲ್ಲಿ ಒಬ್ಬರು ಡಯಟಿಷಿಯನ್ ಸಿಕ್ಕರು. ಅವರ ಮೊದಲ ಮಾತೇ ನನಗೆ ಆಶ್ಚರ್ಯ. "ಏನೇನು ಬಿಟ್ಟಿದೀರಿ ಅಂತ ಆಮೇಲೆ ಹೇಳಿ. ಏನು ತಿಂತಿದೀರಿ ಹೇಳಿ." ನಾನು ಬಿಟ್ಟಿದ್ದರ ಪಟ್ಟಿ ಉದ್ದವಿತ್ತು, ತಿನ್ನುವುದು ಮೂರೇ ಮೂರು. ಕಾಯಿಲೆ ಜೋರಾಗಿರುವಾಗ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅಂದರು. 43 ಕೆಜಿಗೆ ಹತ್ತಿರ ಹತ್ತಿರ 60 ಗ್ರಾಂ. ನಮ್ಮದು ಮೊಟ್ಟೆ ತಿನ್ನದ ಮನೆ. ಹೆಸರುಬೇಳೆ ತೊವ್ವೆ, ಮೊಸರು, ಪನೀರು, ಸ್ವಲ್ಪ ಪ್ರೋಟೀನ್ ಪುಡಿ, ಹೀಗೆ ಕೂಡಿಸಿ ಕೂಡಿಸಿ ಲೆಕ್ಕ ತುಂಬಿಸಿದರು. ಸ್ಟೆರಾಯ್ಡ್ ಮೂಳೆಯ ಶಕ್ತಿ ಇಳಿಸುತ್ತದೆ ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ. ಉಪ್ಪಿನಕಾಯಿ, ಹಪ್ಪಳ ಎಂಟು ವಾರ ಬೇಡ. ಕಬ್ಬಿಣದ ಮಾತ್ರೆ ನನ್ನ ಕರುಳಿಗೆ ಆಗಲಿಲ್ಲ, ಅದನ್ನು ಡ್ರಿಪ್‌ನಲ್ಲೇ ಕೊಟ್ಟರು.

ಮನೆಗೆ ಬಂದ ಮೇಲೆ ನಮ್ಮ ಅಡುಗೆಮನೆಯಲ್ಲಿ ಎರಡು ಊರು ಎದುರುಬದುರಾದವು. ಅತ್ತೆ ದಾವಣಗೆರೆಯವರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಇಲ್ಲದೆ ಊಟವೇ ಅಲ್ಲ. ಅಮ್ಮ ಕಳಿಸಿದ್ದು ಕುಚ್ಚಲಕ್ಕಿ, ಗಂಜಿ, ಬೂದುಗುಂಬಳದ ಹುಳಿ. "ಬರೇ ಗಂಜಿ ಉಂಡ್ರೆ ಮೈಯಾಗ ಕಸುವು ಎಲ್ಲಿಂದ ಬರ್ತದವ್ವ?" ಅಂತ ಅತ್ತೆಗೆ ಸಂಕಟ. ಅವರ ಪ್ರಶ್ನೆ ತಪ್ಪಾಗಿರಲಿಲ್ಲ. ಗಂಜಿಯ ಕಾಲ ಕಾಯಿಲೆ ಕೆರಳಿದ ವಾರಗಳದ್ದು ಮಾತ್ರ. ಆಗ ಮೆತ್ತಗಿನ ಅನ್ನ, ತೊವ್ವೆ, ಸಿಪ್ಪೆ ತೆಗೆದ ಸೋರೆಕಾಯಿ, ಸೀಮೆಬದನೆ, ಮಾಗಿದ ಬಾಳೆಹಣ್ಣು, ಬೇಯಿಸಿದ ಸೇಬು, ಸಬ್ಬಕ್ಕಿ ಗಂಜಿ, ಮಜ್ಜಿಗೆ. ಬೀಜ, ಸಿಪ್ಪೆ, ನಾರು, ಕರಿದದ್ದು, ಖಾರ ಬೇಡ. ಕರುಳು ತಣ್ಣಗಾದ ಮೇಲೂ ಅದನ್ನೇ ಹಿಡಿದುಕೊಂಡು ಕೂತರೆ ಸೊರಗುತ್ತೇವೆ. ಒಂದೊಂದಾಗಿ ಎಲ್ಲವನ್ನೂ ವಾಪಸ್ ತರಬೇಕು, ಸೊಪ್ಪು, ಹಣ್ಣು, ರಾಗಿ, ಕಾಳು. ಇದನ್ನು ಹೇಳಿಕೊಡುವವರು ಸಿಗದೆ ವರ್ಷಗಟ್ಟಲೆ ಮೊಸರನ್ನದಲ್ಲೇ ಬದುಕುತ್ತಿರುವವರನ್ನು ಆಸ್ಪತ್ರೆಯ ಸಾಲಿನಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಜೋಳಕ್ಕೆ ದಾರಿ ತೋರಿಸಿದ್ದು ಅತ್ತೆಯೇ. ರೊಟ್ಟಿ ಬೇಡವಾದರೆ ನುಚ್ಚು ಮಾಡೋಣ ಅಂದರು. ಜೋಳವನ್ನು ಒಡೆಸಿ, ಹೊಟ್ಟು ಕೇರಿ, ನೀರು ಜಾಸ್ತಿ ಹಾಕಿ ಗಂಟೆಗಟ್ಟಲೆ ಬೇಯಿಸಿದರು. ಅದಕ್ಕೆ ಮಜ್ಜಿಗೆ, ಜೀರಿಗೆ, ಚಿಟಿಕೆ ಉಪ್ಪು. ಮೊದಲ ದಿನ ನಾಲ್ಕು ಚಮಚ, ಮೂರು ದಿನ ಬಿಟ್ಟು ಅರ್ಧ ಬಟ್ಟಲು. ಏನೂ ಆಗಲಿಲ್ಲ. ಅವತ್ತು ಅತ್ತೆಯ ಮುಖ ನೋಡಬೇಕಿತ್ತು.

ಡಯಟಿಷಿಯನ್ ಒಂದು ನೋಟ್‌ಬುಕ್ ಇಡಲು ಹೇಳಿದ್ದರು. ತಿಂದದ್ದು, ಹೊತ್ತು, ಹೊಟ್ಟೆ ಹೇಗಿತ್ತು, ಎಷ್ಟು ಸಲ, ರಕ್ತ ಇತ್ತಾ, ಮಾತ್ರೆ ತೆಗೆದುಕೊಂಡೆನಾ. ಹೊಸದೊಂದು ತಿಂದರೆ ಮೂರು ದಿನ ಬೇರೇನೂ ಹೊಸತು ಇಲ್ಲ. ಆರು ತಿಂಗಳು ಬರೆದ ಮೇಲೆ ನಾನು ಅಂದುಕೊಂಡಿದ್ದೆಲ್ಲ ಉಲ್ಟಾ ಆಯಿತು. ಸಾರಿನಲ್ಲಿ ಸ್ವಲ್ಪ ಖಾರ ಇದ್ದರೆ ನನಗೆ ತೊಂದರೆಯೇ ಇಲ್ಲ. ಖಾಲಿ ಹೊಟ್ಟೆಗೆ ಹಾಲು ಹಾಕಿದ ಕಾಫಿ ಆಗುವುದಿಲ್ಲ. ಹಾಲು ಆಗದಿದ್ದರೂ ಮೊಸರು, ಮಜ್ಜಿಗೆ ಆಗುತ್ತದೆ. ಮಂಡಕ್ಕಿ ಆಗುತ್ತದೆ, ಅದರ ಜೊತೆಯ ಮೆಣಸಿನಕಾಯಿ ಬಜ್ಜಿ ಆಗುವುದಿಲ್ಲ. ದಾವಣಗೆರೆಯಲ್ಲಿದ್ದುಕೊಂಡು ಇದು ಸಣ್ಣ ತ್ಯಾಗ ಅಲ್ಲ! ಹಲಸಿನಹಣ್ಣು ಎರಡು ತೊಳೆ ಸಾಕು. ಇದು ನನ್ನ ಪಟ್ಟಿ. ಇನ್ನೊಬ್ಬರದು ಬೇರೆಯೇ ಇರುತ್ತದೆ, ದಯವಿಟ್ಟು ಇದನ್ನು ನಕಲು ಮಾಡಬೇಡಿ.

ಪೊಟ್ಟಣದ ತಿಂಡಿಗಳ ಹಿಂಬದಿ ಓದುವ ಅಭ್ಯಾಸವೂ ಆಗಲೇ ಬಂತು. ಐಸ್‌ಕ್ರೀಮಿನ ಡಬ್ಬಿಯ ಮೇಲೆ 407, 466 ಅಂತ ನಂಬರು ಇರುತ್ತವೆ, ನೋಡಿದ್ದೀರಾ? 407 ಅಂದರೆ ಕ್ಯಾರಜೀನನ್. 466 ಅಂದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಗಟ್ಟಿಯಾಗಲು, ನೀರು ಎಣ್ಣೆ ಬೇರೆಯಾಗದಿರಲು ಹಾಕುತ್ತಾರೆ. ಇಂಥವು ಕರುಳಿನ ಲೋಳೆಪದರಕ್ಕೆ ತೊಂದರೆ ಮಾಡಬಹುದು ಅಂತ ಸಂಶೋಧನೆಗಳು ನಡೆಯುತ್ತಿವೆ. ಮನೆಯಲ್ಲಿ ಕಡೆದ ಮಜ್ಜಿಗೆ ಇರುವಾಗ ಅದು ಯಾಕೆ ಅಂತ ನಾನು ಬಿಟ್ಟೆ.

ಇಷ್ಟೆಲ್ಲ ಆದ ಮೇಲೂ ಇನ್ನೊಂದು ತಪ್ಪು ಬಾಕಿ ಇತ್ತು. ಈ ಸಲ ಮಾತ್ರೆ ಬಿಡಲಿಲ್ಲ, ಅದೊಂದೇ ಸಾಕು ಅಂದುಕೊಂಡೆ. 2021ರ ಆರಂಭದಲ್ಲಿ ಮನೆಯಲ್ಲಿ ಸಾಲುಸಾಲು ಮದುವೆ. "ಸ್ವಲ್ಪ ತಿನ್ನೇ, ಏನಾಗಲ್ಲ" ಅನ್ನುವವರು ಎಲ್ಲ ಕಡೆ. ನೋಟ್‌ಬುಕ್ ಮೂಲೆ ಸೇರಿತು. ಅದೇ ಹೊತ್ತಿಗೆ ಹಲ್ಲುನೋವು. ಮೆಡಿಕಲ್ ಶಾಪಿನಿಂದ ಐಬುಪ್ರೊಫೇನ್ ತಂದು ಐದು ದಿನ ನುಂಗಿದೆ. ಈ ಜಾತಿಯ ನೋವಿನ ಮಾತ್ರೆಗಳು ನಮ್ಮ ಕಾಯಿಲೆಯನ್ನು ಕೆರಳಿಸಬಹುದು ಅನ್ನುವುದು ಗೊತ್ತಿರಲಿಲ್ಲ. ಮರುವಾರ ಮತ್ತೆ ರಕ್ತ. ಈಗ ಹಲ್ಲಿನ ಡಾಕ್ಟರಿಗೂ ಮೊದಲು ಕರುಳಿನ ವಿಷಯವನ್ನೇ ಹೇಳುತ್ತೇನೆ, ಪ್ಯಾರಾಸಿಟಮಾಲ್ ಕೇಳುತ್ತೇನೆ.

ಎರಡನೇ ಸಲ ಸ್ಟೆರಾಯ್ಡ್ ಬೇಕಾಯಿತು. ಹೀಗೆ ಪದೇಪದೇ ಸ್ಟೆರಾಯ್ಡ್ ಮೇಲೆ ಇರುವುದು ಒಳ್ಳೆಯದಲ್ಲ ಅಂತ ಅಜಥಯೋಪ್ರಿನ್ ಶುರು ಮಾಡಿದರು. ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಮದ್ದು ಅಂದಾಗ ಕೈ ನಡುಗಿತು. ಆದರೆ ಈ ಸಲ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಒಂದೊಂದಕ್ಕೂ ಉತ್ತರ ಸಿಕ್ಕಿತು. ನಮ್ಮ ಕಡೆಯ ಕೆಲವರಲ್ಲಿ ನಡ್‌ಟಿ15 ಅನ್ನುವ ಜೀನ್ ಬೇರೆ ಥರ ಇರುತ್ತದೆ. ಅಂಥವರಿಗೆ ಈ ಮದ್ದು ಕೊಟ್ಟರೆ ಬಿಳಿ ರಕ್ತಕಣ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದಕ್ಕೆ ಮೊದಲೇ ಪರೀಕ್ಷೆ. ನನ್ನದು ಸರಿ ಇತ್ತು. 50 ಮಿಗ್ರಾಂನಿಂದ ಶುರುಮಾಡಿ 100ಕ್ಕೆ ಏರಿಸಿದರು. ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಕೆಲಸ ಶುರುಮಾಡಲು ಮೂರು ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ತಾಳ್ಮೆ ಬೇಕು. ಬಿಸಿಲಿಗೆ ಹೋಗುವಾಗ ಕೊಡೆ. ಹೊರಗಿನ ಕತ್ತರಿಸಿಟ್ಟ ಹಣ್ಣು, ಚಟ್ನಿ ಬೇಡ.

ನನ್ನ ಕಣ್ಣು ನಿಜವಾಗಿ ತೆರೆಸಿದ್ದು 2022ರ ಒಂದು ರಿಪೋರ್ಟು. ಕ್ಯಾಲ್‌ಪ್ರೊಟೆಕ್ಟಿನ್ ಅಂತ ಒಂದು ಮಲ ಪರೀಕ್ಷೆ ಇದೆ. ಕರುಳಿನಲ್ಲಿ ಉರಿಯೂತ ಎಷ್ಟಿದೆ ಅಂತ ಅದು ಹೇಳುತ್ತದೆ. 50ರ ಕೆಳಗೆ ಇದ್ದರೆ ನೆಮ್ಮದಿ. ನೋಟ್‌ಬುಕ್ಕಿನ ಪ್ರಕಾರ ನಾನು ಚೆನ್ನಾಗಿದ್ದೆ. ದಿನಕ್ಕೆ ಎರಡೇ ಸಲ, ನೋವಿಲ್ಲ, ಊಟವೂ ಲೆಕ್ಕದಂತೆ. ರಿಪೋರ್ಟಿನಲ್ಲಿ ಬಂದದ್ದು 480. ಕಾಯಿಲೆ ಸದ್ದಿಲ್ಲದೆ ಒಳಗೆ ಏಳುತ್ತಿತ್ತು. ಡಾಕ್ಟರು ಎರಡು ತಿಂಗಳು ಮೆಸಲಮೈನ್ ಹೆಚ್ಚಿಸಿ, ಎನಿಮಾ ಮತ್ತೆ ಶುರುಮಾಡಿದರು. ಮುಂದಿನ ರಿಪೋರ್ಟು 62.

ಇದಕ್ಕೆ ಉಲ್ಟಾ ಕೂಡ ಆಗಿದೆ. ಒಮ್ಮೆ ಅಲಸಂದೆ ಕಾಳಿನ ಹುಳಿ ಉಂಡು ಎರಡು ದಿನ ಹೊಟ್ಟೆ ಗುಡುಗುಡು, ನಾಲ್ಕು ಸಲ ಭೇದಿ. ಮತ್ತೆ ಬಂತು ಅಂತ ಗಾಬರಿಯಾಗಿ ಪರೀಕ್ಷೆ ಮಾಡಿಸಿದರೆ 38. ಬರೀ ಗ್ಯಾಸು. ಅಂದರೆ ನನ್ನ ಹೊಟ್ಟೆ ಹೇಗಿದೆ ಅನ್ನುವುದು ಊಟದಿಂದ ಗೊತ್ತಾಗುತ್ತದೆ. ಕರುಳಿನ ಗಾಯ ಆರಿದೆಯಾ ಅನ್ನುವುದು ಮದ್ದಿಗೂ ಪರೀಕ್ಷೆಗೂ ಬಿಟ್ಟ ವಿಷಯ. ಈ ಎರಡನ್ನೂ ಒಂದೇ ಅಂದುಕೊಂಡು ನಾನು ನಾಲ್ಕು ವರ್ಷ ಕಳೆದಿದ್ದೆ. ಅಮ್ಮನಿಗೆ ಇದನ್ನು ಹೇಳಿದಾಗ, "ಅದಕ್ಕೇ ಅಲ್ವಾ ಮದ್ದು ಕೊಟ್ಟವರೇ ಪಥ್ಯ ಹೇಳೋದು" ಅಂದಳು, ಇದರಲ್ಲಿ ಹೊಸದೇನು ಅನ್ನುವ ಹಾಗೆ.

ಈಗ ಬೆಳಗ್ಗೆ ಮೆಸಲಮೈನ್ ಎರಡು, ರಾತ್ರಿ ಊಟದ ಮೇಲೆ ಅಜಥಯೋಪ್ರಿನ್ ಎರಡು. ಮಾತ್ರೆಯ ಡಬ್ಬಿ ಜೀರಿಗೆ ಡಬ್ಬಿಯ ಪಕ್ಕದಲ್ಲೇ ಇದೆ, ಒಗ್ಗರಣೆ ಹಾಕುವಾಗ ಕಣ್ಣಿಗೆ ಬೀಳಲಿ ಅಂತ. ಅತ್ತೆ ಪಲ್ಯ ಮಾಡುವಾಗ ಖಾರ ಹಾಕುವ ಮೊದಲು ನನಗೊಂದು ಬಟ್ಟಲು ತೆಗೆದಿಡುತ್ತಾರೆ. ತೂಕ 53.

ಈ ಕಾಯಿಲೆ ಶುರುವಾಗಿ ಎಂಟು ವರ್ಷ ಆದಮೇಲೆ ಕ್ಯಾನ್ಸರ್ ಇದೆಯಾ ಅಂತ ನೋಡಲು ಕೊಲೊನೋಸ್ಕೋಪಿ ಮಾಡಿಸಬೇಕು. ನನ್ನ ಎಂಟು ವರ್ಷ ತುಂಬಿದ್ದು 2025ರಲ್ಲಿ. ಹಿಂದಿನ ದಿನವಿಡೀ ಬರೀ ತಿಳಿನೀರು, ಎಳನೀರು. ಸಂಜೆಯಿಂದ ಆ ಉಪ್ಪುಪ್ಪು ಔಷಧಿ ನೀರು ಎರಡು ಲೀಟರ್. ಅಮ್ಮ, ಅತ್ತೆ ಇಬ್ಬರೂ ಬೆಂಗಳೂರಿಗೆ ಜೊತೆಗೆ ಬಂದಿದ್ದರು. ಆಸ್ಪತ್ರೆ ಹತ್ತಿರದ ನೆಂಟರ ಮನೆಯಲ್ಲಿ ಇಬ್ಬರೂ ಬೆಳಗ್ಗೆಯೇ ಒಲೆ ಹಚ್ಚಿದ್ದಾರೆ. ನನಗೆ ಅದು ಗೊತ್ತಿಲ್ಲ. ಮಂಪರು ಇಳಿದು ಕಣ್ಣು ಬಿಟ್ಟಾಗ ಡಾಕ್ಟರು ಫೋಟೋ ತೋರಿಸಿದರು. 2017ರ ಫೋಟೋದಲ್ಲಿ ಕೆಂಪಗೆ ಸುಲಿದ ಹಾಗಿದ್ದ ಜಾಗ ಈಗ ತೆಳು ಗುಲಾಬಿ, ರಕ್ತನಾಳಗಳ ಎಳೆ ಎಳೆಯೂ ಕಾಣುತ್ತಿತ್ತು. "ಗಾಯ ಆರಿದೆ. ಬಯಾಪ್ಸಿ ವಾರದಲ್ಲಿ ಬರುತ್ತೆ" ಅಂದರು. ಬಂತು, ಅದೂ ಚೆನ್ನಾಗಿತ್ತು.

ಹೊರಗೆ ಬೆಂಚಿನ ಮೇಲೆ ಅತ್ತೆ ಸ್ಟೀಲ್ ಡಬ್ಬಿ ಬಿಚ್ಚಿದರು. ನುಚ್ಚು, ಮೇಲೆ ಮಜ್ಜಿಗೆ. ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಅಮ್ಮನ ಒಂದೆಲಗದ ತಂಬುಳಿ. ನಾನು ಚಮಚ ಎತ್ತುವಷ್ಟರಲ್ಲಿ ಅತ್ತೆ ಕೈ ಹಿಡಿದು ತಡೆದರು.

"ತಡಿಯವ್ವ. ಬೆಳಗಿನ ಗುಳಿಗಿ ಆಗಿಲ್ಲಲ್ಲ" ಅಂದು, ಚೀಲದ ಬದಿಯ ಜೇಬಿನಿಂದ ನನ್ನ ಮೆಸಲಮೈನ್ ಪಟ್ಟಿ ತೆಗೆದುಕೊಟ್ಟರು.